ದೀಪ ಹಚ್ಚುವ ಹೊತ್ತಿನ ನಗುಮುಖ

ಇವತ್ತು ಮಧ್ಯಾಹ್ನ ಮೋಮಿನಪುರದ ಸಂದಿಯೊಂದರಲ್ಲಿ ಕುಕ್ಕರಿಗೆ ಹೊಸ ಹಿಡಿ ಹಾಕಿಸಲು ನಿಂತಿದ್ದೆ. ಅಂಗಡಿಯವನು ತಿರುಪು ಬಿಗಿ ಮಾಡುತ್ತಿದ್ದ. ಪಕ್ಕದಲ್ಲಿದ್ದ ಗಿರಾಕಿಯ ಮೊಬೈಲು ಟಿಣ್ ಟಿಣ್ ಎಂದು, ಮಲಗಿದವರನ್ನು ಎಬ್ಬಿಸಲು ಸಂಕೋಚಪಡುವವರ ಹಾಗೆ, ಮೆಲ್ಲಗೆ ಸದ್ದು ಮಾಡಿತು. ನನ್ನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಅಂಗಡಿಯವನು ತಲೆಯೆತ್ತಿ, "ಕ್ಯಾ ಹುವಾ ಸಾಬ್? ಕುಂಡ್ರತೀರೇನ್ರಿ?" ಎಂದು ಸ್ಟೂಲನ್ನು ನನ್ನ ಕಡೆ ತಳ್ಳಿದ. ಏನಿಲ್ಲ ಏನಿಲ್ಲ ಎನ್ನುತ್ತಲೇ ಕುಳಿತುಬಿಟ್ಟೆ.

ಏನಿಲ್ಲ ಅಂದದ್ದು ಸುಳ್ಳು. ನಾಳೆ ಬೆಳಿಗ್ಗೆ ನನ್ನ ಅಕ್ಕನ ಮಗಳು ಭಾಗ್ಯಶ್ರೀ ಕಮಲಾಪುರದಿಂದ ಬರುತ್ತಾಳೆ. ಇಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ ಅವಳ ರಕ್ತ ತೆಗೆದು, ಹಳೆಯ ರೋಗ ಮತ್ತೆ ತಲೆ ಎತ್ತಿದೆಯೋ ಇಲ್ಲವೋ ನೋಡುತ್ತಾರೆ. ಚಿಕಿತ್ಸೆ ಮುಗಿದಿದೆ, ಹುಡುಗಿ ಡಿಗ್ರಿ ಕಾಲೇಜಿಗೂ ಹೋಗುತ್ತಿದ್ದಾಳೆ. ಆದರೂ ಈ ತಪಾಸಣೆಯ ಹಿಂದಿನ ದಿನ ನಾನು ಮನುಷ್ಯರ ಲೆಕ್ಕದಲ್ಲಿ ಇರುವುದಿಲ್ಲ. ಕುಕ್ಕರಿನ ಹಿಡಿ ಮುರಿದು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಕೂತಿರಲಾಗದೆ ಇವತ್ತು ಅದನ್ನೊಂದು ನೆಪ ಮಾಡಿಕೊಂಡು ಹೊರಬಿದ್ದಿದ್ದೆ.

ಚಿಂತೆ ಮಾಡುವುದರಲ್ಲಿ ನಾನು ಪಳಗಿದ ಆಸಾಮಿ ಎಂದು ಮೊದಲೇ ನಿಮಗೆ ಹೇಳಿಬಿಡುವುದು ಒಳ್ಳೆಯದು. ಬೀಗ ಹಾಕಿ ಓಣಿಯ ತುದಿ ಮುಟ್ಟಿದ ಮೇಲೆ ತಿರುಗಿ ಬಂದು ಬೀಗವನ್ನು ಜಗ್ಗಿ ನೋಡುವವನು ನಾನು. ಬಸ್ಸು ಹತ್ತಿದರೆ ಡ್ರೈವರ್ ಆಕಳಿಸುತ್ತಾನೇನೋ ಎಂದು ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತ ಕೂರುತ್ತೇನೆ. ಯಾರಾದರೂ ಫೋನು ಮಾಡಿ "ಒಂದ್ ಮಾತ್ ಹೇಳೋದಿತ್ರಿ" ಎಂದರೆ, ಆ ಒಂದು ಮಾತು ಅವರ ಬಾಯಿಂದ ಹೊರಡುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಯಾರದೋ ಮಣ್ಣು ಮುಗಿದಿರುತ್ತದೆ. ಕೊನೆಗೆ ನೋಡಿದರೆ ಅವರಿಗೆ ಬೇಕಾದದ್ದು ನಮ್ಮ ಮನೆಯ ಏಣಿ. "ನಿಮಗ ಚಿಂತಿ ಮಾಡ್ಲಿಕ್ಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗವಲ್ದು ಅಂತ ಚಿಂತಿ ಮಾಡ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ. ಇಂಥವನ ಮನೆಗೆ ನಿಜವಾದ ಚಿಂತೆಯೇ ಬಂದು ಕೂತಾಗ, ಇಷ್ಟು ವರ್ಷಗಳ ಆ ಸಾಧನೆ ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಭಾಗಿ ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಕಮಲಾಪುರದ ಡಾಕ್ಟರು ಪರೀಕ್ಷೆಯ ಕಾಗದ ನೋಡಿ, "ತಡ ಮಾಡಬ್ಯಾಡ್ರಿ, ಇವತ್ತೇ ಕಲಬುರಗಿಗೆ ಕರ್ಕೊಂಡ್ ಹೋಗ್ರಿ" ಎಂದರು. ರಕ್ತದ ಕ್ಯಾನ್ಸರ್. ಆ ಹೆಸರನ್ನು ನನ್ನ ಅಕ್ಕ ಕಸ್ತೂರಿಬಾಯಿ ಇವತ್ತಿನವರೆಗೂ ಬಾಯಿಂದ ಆಡಿಲ್ಲ. ಅವಳ ಪಾಲಿಗೆ ಅದು "ಆ ಜಡ್ಡು", ಅಷ್ಟೇ. ಭಾವ ಕಮಲಾಪುರಕ್ಕೂ ಮಹಾಗಾಂವಕ್ಕೂ ಟೆಂಪೊ ಓಡಿಸುವವರು, ಮನೆ ನಡೆಯಬೇಕಾದರೆ ಅದು ನಿಲ್ಲುವಂತಿರಲಿಲ್ಲ. ಹೀಗಾಗಿ ಆಸ್ಪತ್ರೆಯ ಓಡಾಟವೆಲ್ಲ ಅಕ್ಕನ ಮೇಲೆ, ಊರಲ್ಲಿರುವ ತಮ್ಮನೆಂದು ನನ್ನ ಮೇಲೆ ಬಿತ್ತು. ಮೊದಲ ಕೆಲವು ವಾರ ಭಾಗಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಆಮೇಲೆ, ಮನೆಯಲ್ಲಿದ್ದುಕೊಂಡು ಸೂಜಿಯ ದಿನ ಬಂದರೆ ಸಾಕು ಎಂದು ಕಳಿಸಿಕೊಟ್ಟರು.

ಹಾಗೆ ಕಳಿಸುವ ದಿನವೇ ಶಬಾನಾ ಎಂಬ ನರ್ಸು ಭಾಗಿಯ ಮೊಬೈಲಿಗೆ ಒಂದು ದಿನಚರಿ ಆ್ಯಪ್ ಹಾಕಿಕೊಟ್ಟಳು. ಚಿಕ್ಕ ವಯಸ್ಸಿನ ರೋಗಿಗಳಿಗೆಲ್ಲ ಅದನ್ನು ಹಾಕಿಕೊಡುತ್ತಿದ್ದರು. ಬೆಳಿಗ್ಗೆ ಟಿಣ್ ಟಿಣ್ ಎಂದು ಕೇಳುತ್ತದೆ: ರಾತ್ರಿ ನಿದ್ದೆ ಹೇಗಿತ್ತು? ಸಂಜೆ ಮತ್ತೆ ಕೇಳುತ್ತದೆ: ಈಗ ಮನಸ್ಸು ಹೇಗಿದೆ? ಕೆಳಗೆ ಸಾಲಾಗಿ ದುಂಡು ಮುಖಗಳು, ಗಳಗಳ ಅಳುವುದರಿಂದ ಹಿಡಿದು ಹಲ್ಲು ಕಿಸಿದು ನಗುವುದರವರೆಗೆ. ಒಂದನ್ನು ಒತ್ತಿದರೆ ಡಾಕ್ಟರಿಗೆ ತಲುಪುತ್ತದೆ. "ರಕ್ತದಾಗ ಏನದ ಅಂತ ಮಶೀನ್ ಹೇಳ್ತದ್ರಿ. ಮನಸಿನ್ಯಾಗ ಏನದ ಅಂತ ಈಕೀನೇ ಹೇಳ್ಬೇಕು. ಈ ಗುಳಿಗಿ ಭಾಳ ಜೋರ್ ಅವ, ನಿದ್ದಿ ಕೆಡಸ್ತಾವ, ಮನಸ್ಸೂ ಕೆಡಸ್ತಾವ" ಎಂದಳು ಶಬಾನಾ. ಮನೆಯವರಲ್ಲಿ ಒಬ್ಬರು ತಮ್ಮ ಮೊಬೈಲಿನಲ್ಲೂ ಇದನ್ನು ನೋಡಬಹುದು, ಯಾರಿಗೆ ಹಾಕಲಿ ಎಂದು ಕೇಳಿದಳು. ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಭಾಗಿ ಮಾತ್ರ, "ಅವ್ವಗ ಬ್ಯಾಡ್ರಿ, ಮಾಮಾಗ ಹಾಕ್ರಿ" ಎಂದಳು. ಅಕ್ಕನ ಮುಖ ಸಣ್ಣದಾಯಿತು. ನನಗೆ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ದಿಗಿಲಾಯಿತು. ಇಡೀ ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವನನ್ನೇ ಹುಡುಕಿ ಈ ಹುಡುಗಿ ತನ್ನ ಕಣ್ಣೀರಿನ ಪಹರೆಗೆ ನಿಲ್ಲಿಸಿದ್ದಳು.

ಅಲ್ಲಿಂದ ನನ್ನ ದಿನ ಆ ಎರಡು ಮುಖಗಳ ನಡುವೆ ಸಾಗತೊಡಗಿತು. ಅಲ್ಲಿ ಭಾಗಿ ಒತ್ತಿದರೆ ಇಲ್ಲಿ ನನ್ನ ಕಿಸೆಯಲ್ಲಿ ಟಿಣ್ ಎನ್ನುತ್ತಿತ್ತು. ಬೆಳಗಿನದು ಬರುವತನಕ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಡವಾಯಿತೋ, ನೆಟ್‌ವರ್ಕ್ ಹೋಗಿರಬಹುದು ಎಂದು ಲೋಕದ ಉಳಿದ ಜನ ಅಂದುಕೊಳ್ಳುವ ಕಡೆ ನಾನು ಆಂಬುಲೆನ್ಸಿನ ಸದ್ದು ಕೇಳುತ್ತಿದ್ದೆ. ಕಚೇರಿಯಲ್ಲಿ ಫೈಲಿನ ಕೆಳಗೆ ಮೊಬೈಲು ಇಟ್ಟುಕೊಂಡು ಮತ್ತೆ ಮತ್ತೆ ಇಣುಕುವುದನ್ನು ಪಕ್ಕದ ಮೇಜಿನವರು ನೋಡಿ, "ಏನ್ ಸಾಹೇಬ್ರ, ಈ ವಯಸ್ಸಿನ್ಯಾಗ ಯಾರ ಮೆಸೇಜ್ ಕಾಯಾಕತ್ತೀರಿ?" ಎಂದು ಕಣ್ಣು ಮಿಟುಕಿಸಿದರು. ನಾನು ನಾಚಿಕೊಂಡೆ. ನಾಚಿಕೊಂಡದ್ದರಿಂದ ಅವರ ಅನುಮಾನ ಗಟ್ಟಿಯಾಯಿತು.

ಬರಬರುತ್ತ ಆ ಮುಖಗಳಲ್ಲಿ ಒಂದು ಕ್ರಮ ಕಾಣಿಸಿತು. ಬೆಳಗಿನ ಮುಖ ಅಳುವುದು, ಇಲ್ಲವೆ ಅಳುವುದಕ್ಕೆ ಹತ್ತಿರದ್ದು. ಸಂಜೆಯ ಮುಖ ಯಾವಾಗಲೂ ನಗುವುದು, ಅದೂ ಹಲ್ಲು ಕಿಸಿದ ಆ ಕೊನೆಯದೇ. ನಾನು ಕೂಡಲೇ ಒಂದು ಸಿದ್ಧಾಂತ ಕಟ್ಟಿದೆ: ರಾತ್ರಿ ನಿದ್ದೆಯಿಲ್ಲದೆ ನರಳುವ ಹುಡುಗಿ ಹೊತ್ತು ಏರಿದ ಹಾಗೆ ಚೇತರಿಸಿಕೊಳ್ಳುತ್ತಾಳೆ. ಇದನ್ನು ಹೆಂಡತಿಗೆ ಕೈ ತಿರುವಿ ವಿವರಿಸಿದೆ. ಅವಳು ಅವರೆಕಾಯಿ ಸುಲಿಯುತ್ತ, "ದಿನಾ ಒಂದೇ ನಮೂನಿ ನಗು ಹೆಂಗ ಬರ್ತದ್ರಿ? ನಾ ನನ್ನ ಮದವಿ ಫೋಟೋದಾಗೂ ಅಷ್ಟು ನಕ್ಕಿಲ್ಲ" ಎಂದಳು. ಅದು ನನಗೆ ಹೊಡೆದ ಪೆಟ್ಟೆಂದು ತಿಳಿದುಕೊಂಡೆ. ಸಮಾಧಾನವಾಗುವಂಥದ್ದು ಏನಾದರೂ ಕೈಗೆ ಸಿಕ್ಕರೆ ನನ್ನಂಥವರು ಅದನ್ನು ತಿರುಗಿಸಿ ನೋಡುವುದಿಲ್ಲ.

ಒಂದು ಸೂಜಿಯ ದಿನ ಆಸ್ಪತ್ರೆಯ ಡಾಕ್ಟರ್ ಮೇಡಮ್ಮೂ ಹೆಚ್ಚು ಕಡಿಮೆ ನನ್ನ ಮಾತನ್ನೇ ಹೇಳಿದರು. "ನಿದ್ದಿ ಒಂದು ಸರಿ ಮಾಡೋಣ. ಹುಡುಗಿ ಮನಸ್ಸು ಗಟ್ಟಿ ಅದ, ಸಂಜೀಕೆಲ್ಲಾ ಚಲೋನೇ ಇರ್ತಾಳ" ಎಂದು ನಿದ್ದೆಗೆ ಒಂದು ಗುಳಿಗೆ ಬರೆದರು. ಅಕ್ಕನಿಗೆ ಹಿಗ್ಗೋ ಹಿಗ್ಗು. ಚೀಲದಿಂದ ಕಮಲಾಪುರದ ಕೆಂಪು ಬಾಳೆಯ ಚಿಪ್ಪೊಂದನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಭಾಗಿ ಮಾತ್ರ ಆ ಹಣ್ಣುಗಳನ್ನೇ ನೋಡುತ್ತ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಉತ್ತರ ಆಗಲೇ ಮೊಬೈಲಿನಲ್ಲಿ ಬಂದಿತ್ತಲ್ಲ.

ಆಮೇಲೊಂದು ರಜೆಯ ದಿನ ನಾನು ಕಮಲಾಪುರಕ್ಕೆ ಹೋದೆ. ಹೊತ್ತು ಮುಳುಗುತ್ತಿತ್ತು. ಭಾಗಿ ಕೂದಲು ಉದುರಿದ ತಲೆಗೆ ಓಢಣಿ ಸುತ್ತಿಕೊಂಡು ಪಡಸಾಲೆಯ ಗೋಡೆಗೆ ಒರಗಿದ್ದಳು. ಅಕ್ಕ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಪಡಸಾಲೆಯ ದೇವರ ಜಗುಲಿಯ ಮುಂದೆ ಕೂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಆಗ ಸಂಜೆಯ ಪ್ರಶ್ನೆ ಬಂತು. ಭಾಗಿ ಮೊಬೈಲು ಎತ್ತಿಕೊಂಡಳು. ಅವಳ ಬೆರಳು ಅಳುವ ಮುಖದ ಹತ್ತಿರ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ತಿರುಗಿ ನೋಡದೆಯೇ ಹೇಳಿದಳು: "ದೀಪ ಹಚ್ಚೋ ಹೊತ್ತದ ಭಾಗಿ. ಚಲೋ ಮಾರಿ ಒತ್ತು." ಬೆರಳು ಸರಿಯುತ್ತ ಸರಿಯುತ್ತ ಕೊನೆಯ ಮುಖಕ್ಕೆ ಹೋಯಿತು. ನನ್ನ ಕಿಸೆಯಲ್ಲಿ ಟಿಣ್ ಎಂದಿತು. ತೆಗೆದು ನೋಡಿದರೆ, ನಾನು ಇಷ್ಟು ದಿನ ನಂಬಿಕೊಂಡು ನಿದ್ದೆ ಹೋಗುತ್ತಿದ್ದ ಅದೇ ನಗು.

"ದಿನಾ ಹಿಂಗೇ ಏನಕ್ಕಾ?" ಎಂದೆ.

"ಮತ್ತ? ಈ ಹೊತ್ತಿನ್ಯಾಗ ಅಸ್ತು ದೇವತಿ ಅಡ್ಡಾಡ್ತಿರ್ತಾಳ. ಏನಂದ್ರ ಅದಕ್ಕ ಅಸ್ತು ಅಂದ್ಬಿಡ್ತಾಳ. ಬಾಯಿಲೆ ಅಂದ್ರೂ ಒಂದೇ, ಬಳ್ಳೀಲೆ ಒತ್ತಿದ್ರೂ ಒಂದೇ." ಹೀಗೆಂದು ಬೆರಳನ್ನು ಎತ್ತಿ ತೋರಿಸಿ, ಕಡ್ಡಿ ಗೀರಿ ದೀಪ ಹಚ್ಚಿದಳು.

ನೀವು ನಗಬೇಡಿ. ನಮ್ಮ ಅವ್ವನೂ ಮುಸ್ಸಂಜೆಯಲ್ಲಿ 'ಇಲ್ಲ' ಎಂಬ ಮಾತನ್ನು ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಉಪ್ಪು ಮುಗಿದಿದ್ದರೆ ಡಬ್ಬಿ ತುಂಬಿದೆ ಎನ್ನಬೇಕಿತ್ತು. ನಾವು ಮಕ್ಕಳು ಅರ್ಥ ಮಾಡಿಕೊಂಡು ಅಂಗಡಿಗೆ ಓಡುತ್ತಿದ್ದೆವು. ಹೊಟ್ಟೆನೋವಾದರೂ ದೀಪ ಹಚ್ಚಿ ಕೈಮುಗಿಯುವತನಕ ತಡೆದುಕೊಂಡಿದ್ದು ಆಮೇಲೆ ಅಳುತ್ತಿದ್ದೆವು. ಇಷ್ಟು ಓದಿ, ಇಷ್ಟು ವರ್ಷ ನೌಕರಿ ಮಾಡಿದ ಮೇಲೂ ಆ ಹೊತ್ತಿನಲ್ಲಿ ನನ್ನ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಮಗಳನ್ನು ಉಳಿಸಿಕೊಳ್ಳಲು ಇರುವ ಬಾಗಿಲನ್ನೆಲ್ಲ ಕಾಯುತ್ತಿದ್ದ ಅಕ್ಕನಿಗೆ, ಅದೊಂದು ಬಾಗಿಲು ತೆರೆದಿಡು ಎಂದು ಯಾವ ಬಾಯಿಂದ ಹೇಳುವುದು?

ಅಕ್ಕ ಒಳಗೆ ರೊಟ್ಟಿಗೆ ಹೋದಾಗ ಭಾಗಿಯನ್ನು ಮೆಲ್ಲಗೆ ಕೇಳಿದೆ. ಅವಳು ಮೊದಲು ಒಳಗಿನ ಬಾಗಿಲ ಕಡೆ ನೋಡಿದಳು. ಆಮೇಲೆ, "ಮುಂಜಾನಿಕಿಂತ ಸಂಜೀನೇ ಭಾಳ ಕೆಟ್ಟ ಮಾಮಾ" ಎಂದಳು. "ಎದ್ಯಾಗ ಏನೋ ಬಂದು ಕುಂತಂಗ ಆಗ್ತದ. ಈಗ ಆ ನಿದ್ದಿ ಗುಳಿಗಿ ಬ್ಯಾರೆ, ಇಡೀ ದಿನ ಮಬ್ಬು. ನನಗ ಸಾಕಾಗ್ಯದ. ಮುಂದಿನ ಸೂಜಿಗಿ ನಾ ಬರಂಗಿಲ್ಲ."

"ಅವ್ವಗ ಹೇಳೀಯೇನು?"

"ಹೆಂಗ ಹೇಳ್ಲಿ? ನಾ ನಕ್ಕರ ಅಕಿ ದೀಪದ ಮುಂದ ಕುಂತು ಉಸಿರು ಬಿಡ್ತಾಳ. ಅಕೀಗಿ ಅದೊಂದೇ ಅದ."

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಡ್ರೈವರನ ಮುಖ ನೋಡಲಿಲ್ಲ. ಸೂಜಿ ನಡುವೆ ನಿಲ್ಲಿಸಿದರೆ ಏನಾಗುತ್ತದೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮರುದಿನ ಕಚೇರಿಗೆ ರಜೆ ಹಾಕಿ ಆಸ್ಪತ್ರೆಗೆ ಹೋಗಿ, ಹೇಗೆ ಶುರು ಮಾಡಬೇಕೆಂದು ತಿಳಿಯದೆ, ಸಂಜೆಯ ಆ ಪ್ರಶ್ನೆಯ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಲು ಬರುತ್ತದೆಯೇ ಎಂದು ಶಬಾನಾಳನ್ನು ಕೇಳಿದೆ. ಅದು ಎಲ್ಲ ರೋಗಿಗಳಿಗೂ ಒಂದೇ ಹೊತ್ತು, ತಮ್ಮ ಕೈಯಲ್ಲಿಲ್ಲ ಎಂದಳು. ಯಾಕೆ ಎಂದು ಕೇಳಿದಳು. ಹೇಳಿದೆ. ನಗುತ್ತಾಳೆಂದು ಅಂದುಕೊಂಡಿದ್ದೆ, ನಗಲಿಲ್ಲ.

"ನಮ್ಮ ಮನ್ಯಾಗೂ ಮಗ್ರಿಬ್ ನಮಾಜಿನ ಹೊತ್ತಿಗಿ ಅಮ್ಮೀ ಹಂಗೇ ಅಂತಾರ್ರಿ. ಬುರಾ ನಕ್ಕೋ ಬೋಲೋ, ಫರಿಶ್ತೆ ಆಮೀನ್ ಬೋಲ್ತೆ ಅಂತ. ಕೆಟ್ಟದ್ದು ಆಡಿದ್ರ ದೇವದೂತರು ಅದಕ್ಕೂ ಹಂಗೇ ಆಗಲಿ ಅಂತಾರಂತ" ಎಂದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಅಂದ್ರ ಉಳಿದ ಮಕ್ಕಳದ್ದೂ ಸಂಜೀದು ಖರೇ ಅದನೋ ಇಲ್ಲೋ" ಎಂದು ಕುರ್ಚಿಯಿಂದ ಎದ್ದಳು. ಇಬ್ಬರೂ ಡಾಕ್ಟರ ಕೋಣೆಗೆ ಹೋದೆವು.

ಮುಂದಿನ ಸೂಜಿಯ ದಿನ ಭಾಗಿ ಬಂದಳು. ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ ಹೋಗು ಎಂದು ನಾನು ಅಂಗಲಾಚಿದ್ದಕ್ಕೆ ಬಂದಳೇ ಹೊರತು ಸೂಜಿಗಲ್ಲ. ನರ್ಸು ಹತ್ತಿರ ಬಂದಾಗ ತೋಳನ್ನು ಎದೆಗೆ ಒತ್ತಿ ಹಿಡಿದುಕೊಂಡಳು. "ಬ್ಯಾಡ" ಎಂದಳು, ಅಷ್ಟೇ. ಅಕ್ಕನಿಗೆ ಭೂಮಿ ಬಾಯಿಬಿಟ್ಟಂತಾಯಿತು, ಅವಳಿಗೆ ಇದರ ಸುಳಿವೇ ಇರಲಿಲ್ಲ. ಡಾಕ್ಟರ್ ಮೇಡಂ ಗದರಲಿಲ್ಲ. "ಸೂಜಿ ನಾಳಿ ಹಾಕೋಣ, ಅದಕ್ಕಿಂತ ಹೆಚ್ಚು ತಡ ಮಾಡಾಕ ಆಗಂಗಿಲ್ಲ. ಇವತ್ತು ತಾಯಿ ಮಗಳು ಕೂತು ಮಾತಾಡ್ರಿ. ಅಮ್ಮಾ, ಈಕಿ ಅಳೋ ಮಾರಿ ಒತ್ತಿದ್ರ ನಮಗ ಔಷಧ ಗೊತ್ತಾಗ್ತದ್ರಿ. ನಕ್ಕರ ನಾವೇನು ಕೊಡ್ಬೇಕು?" ಎಂದರು.

ಅವರನ್ನು ಮನೆ ಮುಟ್ಟಿಸಲು ನಾನೂ ಕಮಲಾಪುರದ ಬಸ್ಸು ಹತ್ತಿದೆ. ಬಸ್ಸು ಊರು ದಾಟಿದ ಮೇಲೆ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ದವಾಖಾನ್ಯಾಗ ಹೋಗಿ ನೀನೇ ಹೇಳಿದ್ದೇನು? ನನ್ನ ಮಗಳ ಕೆಟ್ಟದ್ದು ನಾ ಬಯಸ್ತೀನೇನು? ನಿನಗೇನ್ ತಿಳೀತದ, ನಿನ್ನ ಹೊಟ್ಟೀದೇನು ಅದು?" ನಮಗೆ ಮಕ್ಕಳಿಲ್ಲ. ಅಕ್ಕ ಎಂದೂ ಅಂಥ ಮಾತು ಆಡಿದವಳಲ್ಲ. ನನಗೆ ಕಣ್ಣು ತುಂಬಿ ಬಂತು, ಕಿಟಕಿಯ ಕಡೆ ತಿರುಗಿ ತೊಗರಿ ಹೊಲ ನೋಡುತ್ತ ಕೂತೆ. ಭಾಗಿ ನಮ್ಮಿಬ್ಬರ ನಡುವೆ ಬಾಯಿಗೆ ಮಾಸ್ಕು ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು.

ಮನೆ ಮುಟ್ಟಿದಾಗ ಮುಸ್ಸಂಜೆ. ಅಕ್ಕ ಎಂದಿನಂತೆ ಕೈಕಾಲು ತೊಳೆದಳು, ವಿಭೂತಿ ಹಚ್ಚಿಕೊಂಡಳು, ದೀಪಕ್ಕೆ ಎಣ್ಣೆ ಹಾಕಿದಳು. ಮೊಬೈಲು ಟಿಣ್ ಟಿಣ್ ಎಂದಿತು. ಭಾಗಿ ಅದನ್ನು ಎತ್ತಿಕೊಂಡು, ತಾನಾಗಿಯೇ ಕೊನೆಯ ಮುಖದ ಕಡೆ ಬೆರಳು ಒಯ್ದಳು. ಆಗ ಅಕ್ಕ, "ತಡಿ" ಎಂದಳು. ಕಡ್ಡಿಪೆಟ್ಟಿಗೆ ಅವಳ ಕೈಯಲ್ಲೇ ಇತ್ತು. ಗೀರಲಿಲ್ಲ. ಜಗುಲಿಗೆ ಬೆನ್ನು ಮಾಡಿ ಮಗಳ ಕಡೆ ತಿರುಗಿ ಕೂತಳು.

"ದೀಪ ಹಚ್ಚಿದ ಮ್ಯಾಲ ಆ ಅಸ್ತು ದೇವತಿ ಬರ್ತಾಳ. ನಾ ಇನ್ನಾ ಹಚ್ಚಿಲ್ಲ. ನೀ ಹೇಳಿ ಮುಗಸು, ಆಮ್ಯಾಲ ಹಚ್ತೀನಿ."

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ನಮ್ಮ ಅವ್ವ ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದ ಅಷ್ಟೂ ಹೊತ್ತು ಅಕ್ಕ ಇದನ್ನೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.

ಭಾಗಿ ಮೊದಲು ನಂಬಲಿಲ್ಲ. ಕತ್ತಲಾಗುತ್ತ ಬಂತು, ಯಾರೂ ಲೈಟು ಹಾಕಲಿಲ್ಲ. ಆಮೇಲೆ ಅವಳು ಮಾತಾಡತೊಡಗಿದಳು. ಸೂಜಿ ಬೇಡವೆಂದಳು. ಕನ್ನಡಿ ನೋಡಿದರೆ ವಾಂತಿ ಬಂದಂತಾಗುತ್ತದೆಂದಳು. ಗೆಳತಿಯರು ಪರೀಕ್ಷೆ ಬರೆದು ಮುಗಿಸಿದರೆಂದಳು. "ನಾ ಸತ್ತರ ನೀ ಹೆಂಗ ಇರ್ತೀ ಅಂತ ಅದೊಂದೇ ವಿಚಾರ ಬರ್ತದವ್ವಾ" ಎಂದಳು. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಆಡದ ಆ ಮಾತು ಬಂದಾಗ ಅಕ್ಕ ಬಾಯಿ ಮುಚ್ಚಿದಳು, ಮಗಳದ್ದಲ್ಲ, ತನ್ನದು. ಇನ್ನೊಂದು ಕೈಯಿಂದ ಕಡ್ಡಿಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟಳು.

"ಇನ್ನಾ ಅದ ಏನು?" ಎಂದಳು ಅಕ್ಕ.

"ಅದ."

"ಹೇಳು."

ಎಲ್ಲ ಮುಗಿದ ಮೇಲೆ ಅಕ್ಕನೇ, "ಈಗ ಒತ್ತು. ಖರೇ ಮಾರಿ ಒತ್ತು" ಎಂದಳು. ನನ್ನ ಕಿಸೆಯಲ್ಲಿ ಟಿಣ್ ಎಂದಿತು. ಆಮೇಲೆ ದೀಪ ಹಚ್ಚಿ, ಯಾವತ್ತೂ ಇಲ್ಲದಷ್ಟು ಹೊತ್ತು ಕೈಮುಗಿದು ಕೂತಳು. ಮರುದಿನ ಭಾಗಿ ತೋಳು ಚಾಚಿ ಸೂಜಿ ಹಾಕಿಸಿಕೊಂಡಳು.

ಎಲ್ಲವೂ ಒಂದೇ ಸಂಜೆಯಲ್ಲಿ ನೆಟ್ಟಗಾಯಿತೆಂದು ತಿಳಿಯಬೇಡಿ. ಅಲ್ಲಿಂದ ಮುಂದೆ ನನಗೆ ಬೆಳಿಗ್ಗೆಯೂ ಅಳುವ ಮುಖ, ಸಂಜೆಯೂ ಅಳುವ ಮುಖ. ಬೆಳಗಿನ ಚಹಾದ ಜೊತೆಗೆ ಸಂಜೆಯದೂ ಹೋಯಿತು. ಆದರೆ ಡಾಕ್ಟರಿಗೆ ಕೆಲಸ ಸಿಕ್ಕಿತು. ಗುಳಿಗೆ ನುಂಗುವ ಹೊತ್ತು ಬದಲಾಯಿತು, ಮಬ್ಬು ಹಿಡಿಸುತ್ತಿದ್ದ ಗುಳಿಗೆ ನಿಂತಿತು, ಮನಸ್ಸಿನ ಡಾಕ್ಟರೊಬ್ಬರು ಭಾಗಿಯನ್ನು ಕ್ರಮವಾಗಿ ಮಾತಾಡಿಸತೊಡಗಿದರು. ತಿಂಗಳುಗಳ ಮೇಲೆ ಒಂದು ಸಂಜೆ ನಡುವಿನ ಮುಖ ಬಂತು, ಅಳುವುದೂ ಅಲ್ಲದ ನಗುವುದೂ ಅಲ್ಲದ, ಬಾಯಿ ನೆಟ್ಟಗೆ ಗೆರೆಯಾದ ಮುಖ. ಅದನ್ನು ನೋಡಿ ನಾನು ಕಚೇರಿಯಲ್ಲಿ ಎಲ್ಲರಿಗೂ ಚಹಾ ಹೇಳಿದೆ. ಚಿಕಿತ್ಸೆ ಮುಗಿದಾಗ ಆ ದಿನಚರಿಯನ್ನು ಮೊಬೈಲಿನಿಂದ ತೆಗೆದರು. ಅಕ್ಕನ ಮನೆಯಲ್ಲಿ ದೀಪ ಮಾತ್ರ ಇಂದಿಗೂ ಓಣಿಯ ಎಲ್ಲರಿಗಿಂತ ತಡವಾಗಿ ಹತ್ತುತ್ತದೆ.

ಇವತ್ತು ಸಂಜೆ ಮನೆಗೆ ಬಂದವನು ಮುಸ್ಸಂಜೆಯಾಗುತ್ತಲೇ ಕಮಲಾಪುರಕ್ಕೆ ಫೋನು ಮಾಡಿದೆ. ಭಾಗಿಯೇ ಎತ್ತಿದಳು. ನಾಳೆ ಊಟಕ್ಕೆ ಏನು ಮಾಡಿಸಲಿ, ಯಾವ ಬಸ್ಸಿಗೆ ಬರುತ್ತೀರಿ, ಮಾಸ್ಕು ಮರೆಯಬೇಡ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಅವಳು ಎಲ್ಲಕ್ಕೂ ಹೂಂ ಹೂಂ ಎಂದು, "ಮಾಮಾ, ಅವ್ವ ಇನ್ನಾ ದೀಪ ಹಚ್ಚಿಲ್ಲ. ನಂದು ಅಕೀದು ಹೇಳಿ ಮುಗದದ. ನಿಂದೇನದ ಹೇಳು" ಎಂದಳು.

ಬೀಗ, ಬಸ್ಸು, ಗ್ಯಾಸು, ಎಲ್ಲದರ ಚಿಂತೆಯನ್ನೂ ಊರಿಗೆಲ್ಲ ಹೇಳಿಕೊಂಡು ತಿರುಗುವ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಏನಿಲ್ಲ ಎನ್ನಲು ಬಾಯಿ ತೆರೆದೆ. ಅದು ಬರಲಿಲ್ಲ.

"ಅಂಜಿಕಿ ಆಗ್ಯದ ಭಾಗಿ" ಎಂದೆ. "ನಾಳಿ ರಿಪೋರ್ಟಿಂದು ಭಾಳ ಅಂಜಿಕಿ ಆಗ್ಯದ."

"ನನಗೂ ಮಾಮಾ" ಎಂದಳು.

ಆಚೆಯಿಂದ ಅಕ್ಕನ ದನಿ ಕೇಳಿಸಿತು: "ಮುಗೀತೇನ ಅವನ್ದು? ಹಚ್ಲೇನು?"

"ತಡಿ ಅವ್ವಾ," ಎಂದಳು ಭಾಗಿ, "ಮಾಮಾಂದು ಇನ್ನಾ ಅದ."